ಟೀಚರ್ ಅಳಿಸಹೊರಟ ಸಾಲು

ಟೀಚರ್ ತೀರಿಕೊಂಡ ಮರುದಿನ ಪತ್ರಿಕೆಯ ಒಳಪುಟದಲ್ಲಿ ಸಣ್ಣದೊಂದು ಸುದ್ದಿ ಬಂದಿತ್ತು. ನಿವೃತ್ತ ಗಣಿತ ಶಿಕ್ಷಕಿ, ಸರಳ ಸಜ್ಜನಿಕೆಯವರು, ಮೃದುಭಾಷಿ ಎಂದೆಲ್ಲ ಬರೆದಿದ್ದರು. ಮೃದುಭಾಷಿಯಂತೆ! ಅಂಗಡಿಯ ಶಟರ್ ಅರ್ಧ ಎತ್ತಿದವನು ಅಲ್ಲೇ ನಿಂತು ನಕ್ಕೆ, ಆಮೇಲೆ ಕಣ್ಣು ಒರೆಸಿಕೊಂಡೆ. ಆ ಹೆಂಗಸು ಬದುಕಿದ್ದಿದ್ದರೆ ಪತ್ರಿಕೆಯವರಿಗೆ ಫೋನ್ ಮಾಡಿ, "ನಾನು ಮೃದುಭಾಷಿ ಅಂತ ನಿಮಗೆ ಹೇಳಿದ್ದು ಯಾರು? ಹೆಸರು ಹೇಳಿ" ಎಂದು ಕೇಳದೆ ಬಿಡುತ್ತಿರಲಿಲ್ಲ.

ಇಲ್ಲಿ ನಾನು ಅವರ ಹೆಸರು ಹಾಕುವುದಿಲ್ಲ. ಹಾಕಿದರೆ ನಾಳೆ ಯಾರಾದರೂ ಇದನ್ನೇ ಆಧಾರ ಮಾಡಿಕೊಂಡು ಅವರ ಬಗ್ಗೆ ಒಂದು ಲೇಖನ ಬರೆಯುತ್ತಾರೆ. ನಾನು ನೆನಪಿನಿಂದ ಹೇಳಿದ್ದೆಲ್ಲ ಸತ್ಯ ಎಂದು ಅಲ್ಲಿ ಹೋಗಿ ಕೂರುತ್ತದೆ. ಅಂಥದ್ದೊಂದು ಸಾಲಿನ ಜೊತೆ ಗುದ್ದಾಡಿಯೇ ಅವರ ಕೊನೆಯ ವರ್ಷಗಳು ಕಳೆದವು. ಹಾಗಾಗಿ ಹೆಸರು ಬೇಡ, ಟೀಚರ್ ಎಂದರೆ ಸಾಕು. ಕಡಬದ ಕಡೆಯ ಒಂದು ಹೈಸ್ಕೂಲಿನಲ್ಲಿ ಅವರ ಕೈಯಲ್ಲಿ ಕಲಿತವರೆಲ್ಲ ಹಾಗೆಯೇ ಕರೆಯುತ್ತಿದ್ದರು, ಅವರಲ್ಲಿ ಕಲಿಯದ ನಾನೂ ಹಾಗೆಯೇ ಕರೆದೆ.

ನನ್ನದು ಪುತ್ತೂರು ಬಸ್‌ಸ್ಟ್ಯಾಂಡಿನ ಹತ್ತಿರ ಕನ್ನಡಕದ ಅಂಗಡಿ, ಅಪ್ಪ ಇಟ್ಟದ್ದು. ಮನೆಯಲ್ಲಿ ನಮ್ಮದು ಕರಾವಳಿಯ ಮುಸ್ಲಿಮರ ಬ್ಯಾರಿ ಭಾಷೆ, ಅಂಗಡಿಯಲ್ಲಿ ತುಳು, ಓದುವುದು ಬರೆಯುವುದು ಕನ್ನಡದಲ್ಲಿ. ಟೀಚರ್ ಮೊದಲ ಸಲ ಬಂದದ್ದು ಕನ್ನಡಕದ ಕಾಲು ಮುರಿದುಕೊಂಡು. ಕಾಲು ಜೋಡಿಸಿ ಕೊಡುವವರೆಗೆ ಸುಮ್ಮನೆ ಕೂರಬಾರದೇ? ಹೊರಗೆ ಹೋಗಿ ನನ್ನ ಬೋರ್ಡ್ ಓದಿ ಬಂದರು.

"ಪುತ್ತೂರಿನ ಮೊದಲ ಕನ್ನಡಕದ ಅಂಗಡಿ ಅಂತ ಹಾಕಿದ್ದೀಯಲ್ಲ, ಅದಕ್ಕೆ ಆಧಾರ ಎಂತ?"

"ಅಪ್ಪ ಹೇಳ್ತಿದ್ರು ಟೀಚರ್."

"ಅಪ್ಪ ಹೇಳಿದ್ದು ನಿನಗೆ ಸಾಕು ಮಾರಾಯ. ಬೋರ್ಡಿಗೆ ಸಾಕಾಗುದಿಲ್ಲ."

ನನಗೆ ಉರಿದುಹೋಯಿತು. ಗಿರಾಕಿ ಎಂದು ಬಾಯಿ ಮುಚ್ಚಿಕೊಂಡೆ, ಆದರೆ ಆ ಮಾತು ತಲೆಯೊಳಗೆ ಕೂತು ಕೊರೆಯತೊಡಗಿತು. ಬೋರ್ಡ್ ಬಣ್ಣ ಮಾಸಿ ಹೊಸತು ಬರೆಸುವಾಗ 'ಮೊದಲ' ಎಂಬುದನ್ನು ತೆಗೆದು 'ಹಳೆಯ' ಎಂದು ಹಾಕಿಸಿದೆ. ಮುಂದಿನ ಸಲ ಬಂದಾಗ ಅವರು ಅದನ್ನು ನೋಡಿ, "ಹಳೆಯದು ಅನ್ನುದು ಒಪ್ಪಬಹುದು. ನಿನ್ನ ಬಾಗಿಲು ನೋಡಿದ್ರೆ ಗೊತ್ತಾಗ್ತದೆ" ಎಂದರು. ಹೊಗಳಿಕೆಯೋ ಬೈಗುಳವೋ ಇವತ್ತಿಗೂ ನನಗೆ ಗೊತ್ತಿಲ್ಲ.

ಅವರು ಸುಳ್ಯದ ಹತ್ತಿರದ ಆಲೆಟ್ಟಿಯವರು, ಅರೆಭಾಷೆ ಮಾತಾಡುವ ಕೃಷಿಕರ ಮನೆ. ನಿವೃತ್ತರಾದ ಮೇಲೆ ಅಲ್ಲಿ ತಮ್ಮನ ಸಂಸಾರದ ಜೊತೆ ಇದ್ದರು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, "ಬೇರೆಯವರದ್ದು ನೋಡಿಯೇ ಉತ್ತರ ಸಿಕ್ಕಿತು, ನಾನು ಪುನಃ ಲೆಕ್ಕ ಮಾಡ್ಲಿಕ್ಕೆ ಹೋಗ್ಲಿಲ್ಲ" ಎನ್ನುತ್ತಿದ್ದರು. ಸಿಟ್ಟು ಬಂದರೆ ಕನ್ನಡ ಬಿಟ್ಟು ಅರೆಭಾಷೆಗೆ ಇಳಿಯುತ್ತಿದ್ದರು. ನಮ್ಮಲ್ಲಿ ಅರ್ಧ ಜನಕ್ಕೆ ಆ ಬೈಗುಳ ತಿಳಿಯುತ್ತಿರಲಿಲ್ಲ, ಅದು ನಮ್ಮ ಪುಣ್ಯ.

ಅವರ ಹಳೆಯ ಶಿಷ್ಯನೊಬ್ಬ ಕಡಬದಲ್ಲಿ ಬ್ಯಾಂಕಿನಲ್ಲಿದ್ದಾನೆ, ನಮ್ಮ ಗುಂಪಿನವನೇ. ಅವನು ಹೇಳಿದ ಒಂದು ಸಂಗತಿ ಉಂಟು. ಪಾಠ ಮಾಡುವಾಗ ಟೀಚರ್ ಬೋರ್ಡಿನ ಮೇಲೆ ತಪ್ಪು ಮಾಡಿದರೆ ಅದನ್ನು ಒರೆಸುತ್ತಿರಲಿಲ್ಲವಂತೆ. ಅದರ ಸುತ್ತ ಒಂದು ಚೌಕ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಪೀರಿಯಡ್ ಮುಗಿಯುವವರೆಗೆ ಎರಡನ್ನೂ ಹಾಗೆಯೇ ಬಿಡುತ್ತಿದ್ದರಂತೆ. "ಟೀಚರಿಗೂ ತಪ್ಪುತ್ತದೆ. ಎಲ್ಲಿ ತಪ್ಪಿತು ಅಂತ ಸರಿಯಾಗಿ ನೋಡ್ಕೊಳ್ಳಿ" ಎಂದು ಮಕ್ಕಳಿಗೆ ತೋರಿಸುತ್ತಿದ್ದರಂತೆ. ಹೆಡ್‌ಮಾಸ್ಟರ್ ತರಗತಿ ನೋಡಲು ಬಂದ ದಿನವೂ ಚೌಕ ಹಾಗೆಯೇ ಇತ್ತು ಎನ್ನುತ್ತಾನೆ ಅವನು.

ನಮ್ಮ ಗುಂಪು ಎಂದೆನಲ್ಲ, ಅದನ್ನು ಸ್ವಲ್ಪ ಹೇಳಬೇಕು. ಪುತ್ತೂರಿನಲ್ಲಿ ಒಂದು ಸಂಶೋಧನಾ ಗ್ರಂಥಾಲಯ ಉಂಟು. ಕೆಳಗೆ ಅಡಿಕೆ ಗೋದಾಮು, ಮಹಡಿಯಲ್ಲಿ ಪುಸ್ತಕ. ತುಳು, ಅರೆಭಾಷೆ, ಬ್ಯಾರಿ ಯಾವುದರ ಬಗ್ಗೆ ಯಾರು ಸಂಶೋಧನೆಗೆ ಹೊರಟರೂ ಒಮ್ಮೆ ಆ ಮೆಟ್ಟಿಲು ಹತ್ತಲೇಬೇಕು. ಹಳೆಯ ವಾರಪತ್ರಿಕೆ, ಯಕ್ಷಗಾನ ಪ್ರಸಂಗದ ಪ್ರತಿ, ತಾಳೆಗರಿ ಎಲ್ಲ ಅಲ್ಲಿ ರಾಶಿ ಬಿದ್ದಿವೆ. ಅಂತರ್ಜಾಲದಲ್ಲಿ ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶ ಉಂಟಲ್ಲ, ಅದರಲ್ಲಿ ಈ ಗ್ರಂಥಾಲಯದ ಬಗ್ಗೆ ಎರಡು ಸಾಲು ಮಾತ್ರ ಇತ್ತು. ಇಷ್ಟು ದೊಡ್ಡ ಸಂಗ್ರಹಕ್ಕೆ ಎರಡೇ ಸಾಲೇ ಎಂದು ಟೀಚರ್ ಹಟ ತೊಟ್ಟು ಬರೆಯಲು ಕೂತರು. ಒಬ್ಬೊಬ್ಬರಾಗಿ ನಾವೂ ಸೇರಿದೆವು. ಬ್ಯಾಂಕಿನವನು ಬಂದ, ಬೆಟ್ಟಂಪಾಡಿಯಿಂದ ಒಬ್ಬಳು ನರ್ಸ್ ಬಂದಳು, ನಾನು ಹೋದೆ. ಭಾನುವಾರ ಮಧ್ಯಾಹ್ನ ಗ್ರಂಥಾಲಯದ ಉದ್ದ ಮೇಜಿನ ಸುತ್ತ ನಮ್ಮ ಕೂಟ. ಸಂಬಳವಿಲ್ಲ, ಸನ್ಮಾನವಿಲ್ಲ, ಚಹಾ ಕೂಡ ಹೊರಗೆ ಹೋಗಿ ಕುಡಿಯಬೇಕು.

ಯಾವ ಸಾಲು ಬರೆದರೂ ಟೀಚರ್ ಕೇಳುವ ಪ್ರಶ್ನೆ ಒಂದೇ, "ಯಾರು ಹೇಳಿದ್ದು?" ಎಲ್ಲಿಯಾದರೂ ಅಚ್ಚಾಗಿದ್ದರೆ ಮಾತ್ರ ಆ ಸಾಲಿಗೆ ಬಾಳು. ನರ್ಸ್ ಹುಡುಗಿ ಒಮ್ಮೆ 'ಇಲ್ಲಿ ಅಪಾರ ಸಂಖ್ಯೆಯ ಪುಸ್ತಕಗಳಿವೆ' ಎಂದು ಬರೆದಳು. "ಅಪಾರ ಅಂದ್ರೆ ಎಷ್ಟು? ಎಣಿಸಿ ಬಂದಿದ್ದೀಯಾ?" ಎಂದು ಟೀಚರ್ ಅವಳನ್ನು ಅಳಿಸುವಷ್ಟು ಬೈದರು. ಹುಡುಗಿ ಅಳಲಿಲ್ಲ, ಎದ್ದು ಹೋಗಿ ಕಪಾಟಿನ ಪುಸ್ತಕ ಎಣಿಸತೊಡಗಿದಳು. ಅಂದಿನಿಂದ ಅವಳ ಮೇಲೆ ಟೀಚರಿಗೆ ಪ್ರೀತಿ. ತೋರಿಸಲಿಲ್ಲ ಅಷ್ಟೇ.

ದೇವತೆ ಎಂದು ತಿಳಿಯಬೇಡಿ. ಬ್ಯಾಂಕಿನವನು ಎಷ್ಟು ದುಡಿದರೂ ಒಂದು ಒಳ್ಳೆಯ ಮಾತಿಲ್ಲ, ಹತ್ತನೇ ತರಗತಿಯಲ್ಲಿ ಅವನು ನಕಲು ಮಾಡಿ ಸಿಕ್ಕಿಬಿದ್ದದ್ದನ್ನು ಹೊಸಬರ ಎದುರು ಹೇಳುತ್ತಿದ್ದರು. ಕವಿತೆ ಎಂದರೆ ಆಗುತ್ತಿರಲಿಲ್ಲ. ಕೂದಲಿಗೆ ಕಪ್ಪು ಹಚ್ಚುತ್ತಿದ್ದರು, ಅದು ಯಾರ ಕಣ್ಣಿಗಾದರೂ ಬಿತ್ತು ಎಂದು ಗೊತ್ತಾದರೆ ನೋಡಿದವರ ಕಥೆ ಮುಗಿಯಿತು. ಆಧಾರ ಕೇಳುವ ಧೈರ್ಯ ಅಲ್ಲಿ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಇಂಥ ಟೀಚರ್ ಒಂದು ಸಾಲು ಆಧಾರವಿಲ್ಲದೆ ಬರೆದರು ಎಂದರೆ ನಂಬುತ್ತೀರಾ?

ಅದು ಆರಂಭದ ದಿನಗಳಲ್ಲಿ ನಡೆದದ್ದು, ನಾವು ಇನ್ನೂ ಸೇರಿರಲಿಲ್ಲ. ಗ್ರಂಥಾಲಯದ ಬಾಗಿಲ ಮೇಲೆ ಒಂದು ದೊಡ್ಡ ಫೋಟೋ ಉಂಟು. ಪೇಟ ಸುತ್ತಿದ, ಕೊರಳಿಗೆ ಗಂಧದ ಮಾಲೆ ಹಾಕಿದ ಒಬ್ಬ ಹಿರಿಯರದು. ಗ್ರಂಥಾಲಯ ನಡೆಸುವ ಟ್ರಸ್ಟಿನ ಅಧ್ಯಕ್ಷರ ಅಜ್ಜ ಅವರು. ನಮ್ಮ ಊರುಗಳಲ್ಲಿ ಬಾಗಿಲ ಮೇಲೆ ಮಾಲೆ ಹಾಕಿದ ಫೋಟೋ ಇದ್ದರೆ ಅವರೇ ಸ್ಥಾಪಕರು ಎಂದು ತಿಳಿಯುವುದು ರೂಢಿ. ಶಾಲೆ, ಸೊಸೈಟಿ, ಆಸ್ಪತ್ರೆ ಎಲ್ಲ ಕಡೆ ಹಾಗೆಯೇ. ಟೀಚರ್ ಕೂಡ ಹಾಗೆಯೇ ತಿಳಿದು, 'ಅಡಿಕೆ ವ್ಯಾಪಾರದ ನಡುವೆಯೂ ಪುಸ್ತಕಪ್ರೀತಿಯನ್ನು ಬತ್ತಗೊಡದ ಇವರು ಈ ಗ್ರಂಥಾಲಯವನ್ನು ಸ್ಥಾಪಿಸಿದರು' ಎಂದು ಬರೆದುಬಿಟ್ಟರು. ಪುಸ್ತಕಪ್ರೀತಿ, ಬತ್ತಗೊಡದ! ಕವಿತೆ ಆಗದ ಹೆಂಗಸು ಅದೊಂದೇ ಕಡೆ ಕವಿತೆ ಬರೆದದ್ದು.

ಕೆಲವು ವರ್ಷದ ಮೇಲೆ ಗ್ರಂಥಾಲಯದ ಹಬ್ಬ ನಡೆಯಿತು, ಸ್ಮರಣ ಸಂಚಿಕೆ ಬಂತು. ಅದರ ಮೊದಲ ಪುಟದಲ್ಲೇ ಅಧ್ಯಕ್ಷರ ಅಜ್ಜನ ಪರಿಚಯ, ಅದರಲ್ಲಿ ಈ ಸಾಲು ಅಕ್ಷರಕ್ಕೆ ಅಕ್ಷರ. ನಾವೆಲ್ಲ ಆಗ ಗುಂಪಿನಲ್ಲಿದ್ದೆವು. ನಮ್ಮ ಲೇಖನ ನೋಡಿ ಬರೆದಿದ್ದಾರೆ ಎಂದು ಟೀಚರಿಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ. ನಾವು ಮುಖ ನೋಡದ, ದೂರದ ಯಾವುದೋ ಊರಿನ ಒಬ್ಬ ಸ್ವಯಂಸೇವಕರು ಆ ಸಂಚಿಕೆಯನ್ನೇ ಆಧಾರ ಎಂದು ವಿಶ್ವಕೋಶದ ಸಾಲಿಗೆ ಜೋಡಿಸಿದರು. ಟೀಚರ್ ಅವರಿಗೆ ಧನ್ಯವಾದವನ್ನೂ ಹೇಳಿದರು.

ಆಮೇಲೆ ಸುಳ್ಯದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಟೀಚರ್ ಪಕ್ಕದಲ್ಲಿ ಕೂತದ್ದು ಒಬ್ಬರು ಅಜ್ಜಿ, ಆ ಫೋಟೋದ ಹಿರಿಯರ ಮಗಳು, ಅಧ್ಯಕ್ಷರ ಸೋದರತ್ತೆ. ಟೀಚರ್ ಗೌರವದಿಂದ, "ನಿಮ್ಮ ತಂದೆಯವರು ದೊಡ್ಡ ಕೆಲಸ ಮಾಡಿದ್ರು, ಗ್ರಂಥಾಲಯ ಕಟ್ಟಿದ್ರು" ಎಂದರಂತೆ. ಅಜ್ಜಿ ಹೋಳಿಗೆ ಮುರಿಯುತ್ತಿದ್ದವರು ನಕ್ಕುಬಿಟ್ಟರಂತೆ.

"ಅಪ್ಪ ಗ್ರಂಥಾಲಯ ಕಟ್ಟಿದ್ದಾ? ಅದು ನಮ್ಮ ಅಡಿಕೆ ಅಂಗಡಿಯ ಆಫೀಸು. ಮಹಡಿ ಖಾಲಿ ಮಾಡಿ ಬಾಡಿಗೆಗೆ ಕೊಟ್ಟದ್ದು. ಫೋಟೋ ಅಲ್ಲೇ ಬಾಕಿ ಆಯ್ತು. ಮತ್ತೆ ಬಂದವರು ಯಾರೋ ಪಾಪ, ತೆಗೆಯುದು ಹೇಗೆ ಅಂತ ಮಾಲೆ ಹಾಕಿದ್ರು."

ಆ ಭಾನುವಾರ ಟೀಚರ್ ಮೆಟ್ಟಿಲು ಹತ್ತಿ ಬಂದ ಮುಖ ನಾನು ಮರೆಯುವುದಿಲ್ಲ. ಬಂದವರೇ ಚೀಲ ಇಟ್ಟು ನಮ್ಮೆಲ್ಲರ ಎದುರು ಕೈಮುಗಿದರು. "ನಾನು ಸುಳ್ಳು ಬರೆದಿದ್ದೇನೆ. ಫೋಟೋ ನೋಡಿ ಬರೆದದ್ದು. ಈಗ ತೆಗೆಯುದು" ಎಂದರು. ಅಲ್ಲೇ ಕೂತು ಸಾಲನ್ನು ಅಳಿಸಿ, ತಿದ್ದಿದ ಕಾರಣ ಬರೆಯುವ ಜಾಗದಲ್ಲಿ 'ಇದು ನನ್ನ ಊಹೆಯಾಗಿತ್ತು, ಆಧಾರ ಇರಲಿಲ್ಲ, ತಪ್ಪು ನನ್ನದು' ಎಂದು ಲೋಕಕ್ಕೆಲ್ಲ ಕಾಣುವ ಹಾಗೆ ಬರೆದರು. ನಾನಾಗಿದ್ದರೆ ಸದ್ದಿಲ್ಲದೆ ಅಳಿಸಿ ಮನೆಗೆ ಹೋಗುತ್ತಿದ್ದೆ.

ಸಂಜೆಯೊಳಗೆ ಆ ಸಾಲು ತಿರುಗಿ ಬಂದು ಕೂತಿತ್ತು. ದೂರದೂರಿನ ಆ ಸ್ವಯಂಸೇವಕರು ಮರಳಿ ಹಾಕಿದ್ದರು. 'ಮುದ್ರಿತ ಆಧಾರ ಇದೆ. ಸದಸ್ಯರೊಬ್ಬರ ಸ್ವಂತ ಮಾತಿನ ಮೇಲೆ ತೆಗೆಯಲಾಗದು' ಎಂದು ವಿವರಣೆ. ಟೀಚರ್ ಚರ್ಚೆಯ ಪುಟದಲ್ಲಿ ಬರೆದರು, ಸಂಚಿಕೆಯವರು ನನ್ನಿಂದ ನಕಲು ಮಾಡಿದ್ದು, ತಾರೀಕು ನೋಡಿ ಎಂದು. ಆ ಸ್ವಯಂಸೇವಕರು ಉತ್ತರಿಸಿದರು, 'ನೀವಿಬ್ಬರೂ ಬೇರೊಂದು ಮೂಲದಿಂದ ತೆಗೆದಿರಬಹುದು.'

"ಬೇರೆ ಮೂಲ ಎಲ್ಲಿಂದ ಬಂತು? ಆ ಮೂಲ ನಾನೇ ಮಾರಾಯ!" ಎಂದು ಟೀಚರ್ ಲ್ಯಾಪ್‌ಟಾಪಿಗೆ ಕೈ ಬೀಸಿದರು.

ಅಳಿಸಿದರು, ಬಂತು. ಮತ್ತೆ ಅಳಿಸಿದರು, ಮತ್ತೆ ಬಂತು. ತಾವು ಕಲಿಸಿದ ನಿಯಮವೇ ಟೀಚರ ಕೈ ಕಟ್ಟಿಹಾಕಿತ್ತು. ಆ ಸ್ವಯಂಸೇವಕರನ್ನು ನಾನು ಬೈದರೆ ಟೀಚರಿಗೆ ಸಿಟ್ಟು ಬರುತ್ತಿತ್ತು. "ಅವರು ಮಾಡುದು ಸರಿ. ಅವರ ಜಾಗದಲ್ಲಿ ನಾನಿದ್ರೂ ಅದನ್ನೇ ಮಾಡ್ತಿದ್ದೆ. ಅದೇ ನನ್ನ ಕರ್ಮ" ಎನ್ನುತ್ತಿದ್ದರು.

ಸುದ್ದಿ ಅಧ್ಯಕ್ಷರ ಕಿವಿಗೆ ಬಿತ್ತು. ಅವರು ಕೆಟ್ಟವರೇನಲ್ಲ. ಗ್ರಂಥಾಲಯದ ಮಾಡು ಸೋರಿದಾಗ ಸರಿ ಮಾಡಿಸಿದವರು ಅವರೇ. ಮಾತು ಬೆಣ್ಣೆ. ಒಂದು ಭಾನುವಾರ ಬಂದು ನಮ್ಮ ಮೇಜಿನ ತುದಿಯಲ್ಲಿ ನಿಂತರು.

"ಟೀಚರ್, ಅಜ್ಜನ ಹೆಸರು ಇದ್ರೆ ನಿಮಗೆ ಎಂತ ತೊಂದರೆ?"

"ನನಗೆ ಎಂತ ತೊಂದರೆಯೂ ಇಲ್ಲ. ಅವರು ಮಾಡಿದ್ದು ಅಂತ ಎಲ್ಲಾದ್ರೂ ಅಚ್ಚಾಗಿದ್ರೆ ಕೊಡಿ, ನಾನೇ ಹಾಕ್ತೇನೆ."

"ಸಂಚಿಕೆಯಲ್ಲಿ ಉಂಟಲ್ಲ."

"ಅದು ನನ್ನ ಸುಳ್ಳು. ನನಗೇ ವಾಪಸ್ ಕೊಡ್ಬೇಡಿ."

ಅಧ್ಯಕ್ಷರು ನಗುತ್ತಲೇ ಹೋದರು. ಮುಂದಿನ ವಾರ ನೋಟೀಸ್ ಬೋರ್ಡಿನಲ್ಲಿ ಒಂದು ಹಾಳೆ ಕಂಡಿತು, ಸ್ಥಳಾವಕಾಶದ ಕೊರತೆಯಿಂದ ಗುಂಪು ಚಟುವಟಿಕೆಗಳಿಗೆ ಅವಕಾಶವಿಲ್ಲ ಎಂದು. ಆ ಮಹಡಿಯಲ್ಲಿ ಭಾನುವಾರ ನಾವು ಬಿಟ್ಟರೆ ಇರುತ್ತಿದ್ದದ್ದು ಜೇಡ ಮಾತ್ರ!

ನಮ್ಮ ಕೂಟ ನನ್ನ ಅಂಗಡಿಗೆ ಬಂತು. ಕಣ್ಣು ಪರೀಕ್ಷೆಯ ಬೋರ್ಡಿನ ಕೆಳಗೆ ಗಿರಾಕಿಗಳ ಬೆಂಚು, ಅದರಲ್ಲಿ ಟೀಚರ್. ಆದರೆ ಅವರು ಗ್ರಂಥಾಲಯಕ್ಕೆ ಹೋಗುವುದನ್ನು ಬಿಡಲಿಲ್ಲ. ಆಲೆಟ್ಟಿಯಿಂದ ಸುಳ್ಯ, ಸುಳ್ಯದಿಂದ ಪುತ್ತೂರು, ಬಸ್ಸಿಳಿದು ನೇರ ಆ ಮೆಟ್ಟಿಲು. ಒಬ್ಬರೇ ಹೋಗಿ ಅದೇ ಮೇಜಿನ ಅದೇ ಕುರ್ಚಿಯಲ್ಲಿ ಒಂದು ತಾಸು ಪುಸ್ತಕ ಓದಿ, ಆಮೇಲೆ ಅಂಗಡಿಗೆ ಬರುತ್ತಿದ್ದರು. "ಒಬ್ಬಳು ಅಂದ್ರೆ ಗುಂಪು ಅಲ್ವಲ್ಲ. ಸದಸ್ಯೆ ಓದುದನ್ನು ನಿಲ್ಲಿಸ್ಲಿಕ್ಕೆ ಅವರಿಗೆ ಆಗುದಿಲ್ಲ" ಎಂದು ಕುಪ್ಪಸದ ತೋಳು ಸರಿಮಾಡಿಕೊಳ್ಳುತ್ತಿದ್ದರು. ಅಧ್ಯಕ್ಷರು ಬಂದರೆ ಎದ್ದು ನಿಂತು ನಮಸ್ಕಾರ ಬೇರೆ!

ಜಗಳದ ವಾಸನೆ ಹಿಡಿದು ಕಡಬದ ಕಡೆಯಿಂದ ಒಬ್ಬರು ನನ್ನ ಅಂಗಡಿಗೆ ಬಂದರು, ಕೈಯಲ್ಲಿ ಹಲಸಿನ ಹಪ್ಪಳದ ಕಟ್ಟು. ಗ್ರಂಥಾಲಯ ಶುರು ಮಾಡಿದ್ದು ನಿಜಕ್ಕೂ ತಮ್ಮ ದೊಡ್ಡಪ್ಪ, ಅಧ್ಯಕ್ಷರ ಅಜ್ಜನ ಹೆಸರು ಹೇಗೂ ತೆಗೆಯುತ್ತೀರಿ, ಆ ಜಾಗಕ್ಕೆ ಇವರದು ಹಾಕಿ ಎಂದು. ನನಗೆ ಖುಷಿಯೇ ಆಯಿತು, ಅಧ್ಯಕ್ಷರಿಗೆ ಒಳ್ಳೆಯ ಪೆಟ್ಟು ಎಂದು. ಟೀಚರ್ ಕೇಳಿದ್ದು ಒಂದೇ ಮಾತು, ಯಾರು ಹೇಳಿದ್ದು? ಮನೆಯಲ್ಲಿ ಹೇಳುತ್ತಿದ್ದರು ಎಂದರು ಅವರು. "ಹಾಗಾದ್ರೆ ಮನೆಯಲ್ಲೇ ಇರ್ಲಿ. ಹಪ್ಪಳವೂ ಮನೆಗೆ ತಕೊಂಡು ಹೋಗಿ" ಎಂದರು ಟೀಚರ್. ಹಪ್ಪಳ ಇಟ್ಟುಕೊಳ್ಳಬಹುದಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

"ಮತ್ತೆ ಯಾರ ಹೆಸರು ಹಾಕುದು ಟೀಚರ್?" ಎಂದು ನಾನು ರೇಗಿದೆ.

"ಯಾರದ್ದೂ ಇಲ್ಲ. ಗೊತ್ತಿಲ್ಲ ಅಂತ ಹಾಕುದು."

"ಗೊತ್ತಿಲ್ಲ ಅಂತ ಬರೆಯಲಿಕ್ಕೆ ಇಷ್ಟು ಜಗಳವಾ?"

"ಗೊತ್ತುಂಟು ಅಂತ ಬರೆದದ್ದು ನಾನು ಮಾರಾಯ. ಅದನ್ನು ತೆಗೆಯದೆ ನನಗೆ ನಿದ್ರೆ ಬರುದಿಲ್ಲ."

ತಮ್ಮ ತಪ್ಪೊಪ್ಪಿಗೆಯನ್ನು ಎಲ್ಲಿಯಾದರೂ ಅಚ್ಚು ಮಾಡಿಸಿದರೆ ಆಯಿತಲ್ಲ ಎಂದು ಅವರು ಪತ್ರಿಕೆಗಳಿಗೆ ಬರೆದರು. ಯಾರೂ ಹಾಕಲಿಲ್ಲ. ಪುತ್ತೂರಿನ ವರದಿಗಾರರೊಬ್ಬರು ಅವರ ಎದುರೇ, "ಟೀಚರ್, ನೀವು ತಪ್ಪು ಮಾಡಿದ್ದು ಸುದ್ದಿ ಆಗುದಿಲ್ಲ" ಎಂದು ನಕ್ಕರು. ಸುಳ್ಳು ಅಚ್ಚಾಗಲು ಒಂದು ಗಂಧದ ಮಾಲೆ ಸಾಕಾಗಿತ್ತು, ಅದನ್ನು ತಿದ್ದಲು ಹೊರಟರೆ ಜಾಗವೇ ಇಲ್ಲ. ಈಗಲೂ ಅದನ್ನು ನೆನೆದರೆ ನನಗೆ ಮೈ ಉರಿಯುತ್ತದೆ.

ಅಷ್ಟರಲ್ಲಿ ಅವರಿಗೆ ಕಾಯಿಲೆ ಹಿಡಿಯಿತು. ಯಾವ ಕಾಯಿಲೆ ಎಂದು ಅವರು ಹೇಳಲಿಲ್ಲ. ನರ್ಸ್ ಹುಡುಗಿಗೆ ಗೊತ್ತಿತ್ತು, ಅವಳೂ ಹೇಳಲಿಲ್ಲ. ಪುತ್ತೂರಿನಲ್ಲಿ ಅವಳು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಮಲಗಿದ್ದರು. ನೋಡಲು ಹೋದಾಗ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ನೋಡಿದ್ದು ಗೊತ್ತಾಗಿ, "ಎಂತ ನೋಡುದು? ಬಣ್ಣ ಹಚ್ಚಲಿಕ್ಕೆ ಈ ಹುಡುಗಿ ಬಿಡುದಿಲ್ಲ" ಎಂದರು. ಅವರಾಗಿಯೇ ಒಪ್ಪಿಕೊಂಡದ್ದು ಅದೇ ಮೊದಲು.

"ಆ ಸಾಲು ಉಂಟಾ?" ಎಂದು ಕೇಳಿದರು.

"ಉಂಟು ಟೀಚರ್."

"ಒಂದು ವಿಷಯ ಗೊತ್ತುಂಟಾ ನಿನಗೆ? ನಾನು ಇರುವವರೆಗೆ ಅದು ನನ್ನ ತಪ್ಪು. ನಾನು ಸತ್ತರೆ ಅದು ಸತ್ಯ ಆಗ್ತದೆ."

ಹಾಗೆ ಆಗಲು ಬಿಡುವುದಿಲ್ಲ ಎಂದೆ. ಆ ಅಜ್ಜಿಯನ್ನು ಕರೆದುಕೊಂಡು ಬರುತ್ತೇನೆ, ಪತ್ರಿಕೆಯವರ ಎದುರು ಹೇಳಿಸುತ್ತೇನೆ ಎಂದೆ. ಟೀಚರ್ ನನ್ನ ಕೈ ಹಿಡಿದರು. ಆ ಕೈಯಲ್ಲಿ ಬಲ ಇರಲಿಲ್ಲ, ಕಣ್ಣಲ್ಲಿ ಇತ್ತು. "ಬೇಡ. ಆ ಪ್ರಾಯದಲ್ಲಿ ಅವರನ್ನು ಮನೆಯವರ ಎದುರು ನಿಲ್ಲಿಸುದು ಬೇಡ. ತಪ್ಪು ಮಾಡಿದ್ದು ನಾನು, ಅವರು ಊಟ ಮಾಡಿದ್ದು ಮಾತ್ರ" ಎಂದರು. ನಾನು ಎಷ್ಟು ಹೇಳಿದರೂ ಜಪ್ಪಯ್ಯ ಅನ್ನಲಿಲ್ಲ. ಅದೇ ನಮ್ಮ ಕೊನೆಯ ಜಗಳ. ಅವರೇ ಗೆದ್ದರು.

ಆಲೆಟ್ಟಿಗೆ ಹೋಗಿ ಮಣ್ಣು ಮುಗಿಸಿ ಬಂದೆವು. ಕೆಲವು ದಿನ ಕಳೆದು ಟ್ರಸ್ಟಿನವರು ಗ್ರಂಥಾಲಯದಲ್ಲೇ ನುಡಿನಮನ ಇಟ್ಟರು. ಬೇರೆ ಮನಸ್ಸು ಇದ್ದಿರಲಾರದು, ಒಳ್ಳೆಯ ಮನಸ್ಸಿನಿಂದಲೇ ಇಟ್ಟಿರಬೇಕು ಎಂದುಕೊಂಡು ಹೋದೆ. ನಮ್ಮನ್ನು ಎಬ್ಬಿಸಿದ ಉದ್ದ ಮೇಜಿನ ಮೇಲೆ ಟೀಚರ ಫೋಟೋ, ಮಲ್ಲಿಗೆ, ದೀಪ. ಅವರ ತಮ್ಮ ಬಂದಿದ್ದರು. ಮುಂದಿನ ಸಾಲಿನಲ್ಲಿ ಅಧ್ಯಕ್ಷರ ಮನೆಯವರು, ಅವರ ನಡುವೆ ಸುಳ್ಯದ ಆ ಅಜ್ಜಿಯೂ ಇದ್ದರು. ಟೀಚರಿಗೆ ಸುದ್ದಿಯಲ್ಲ ಎಂದಿದ್ದ ಅದೇ ವರದಿಗಾರರು ಹಿಂದೆ ಕೂತಿದ್ದರು.

ಅಧ್ಯಕ್ಷರು ಚೆನ್ನಾಗಿಯೇ ಮಾತಾಡಿದರು. ಟೀಚರ ಶಿಸ್ತು, ಪ್ರಾಮಾಣಿಕತೆ ಎಂದೆಲ್ಲ ಹೇಳಿದರು. ಕೊನೆಗೆ ಗಂಟಲು ಸರಿಮಾಡಿಕೊಂಡು, "ನಮ್ಮ ಅಜ್ಜನವರೇ ಈ ಸಂಸ್ಥೆಯ ಸ್ಥಾಪಕರು ಎಂಬುದನ್ನು ಲೋಕಕ್ಕೆ ಮೊದಲು ತಿಳಿಸಿದವರು ಇದೇ ಟೀಚರ್. ಆ ಸಾಲನ್ನು ಅವರ ಹೆಸರಿನೊಂದಿಗೆ ಕಲ್ಲಿನಲ್ಲಿ ಕೆತ್ತಿಸಿ ಬಾಗಿಲಲ್ಲಿ ಹಾಕುತ್ತೇವೆ" ಎಂದರು. ಚಪ್ಪಾಳೆ ಬಿತ್ತು.

ನಾನು ಎದ್ದುನಿಂತೆ. ಏಳಬೇಕೆಂದು ಯೋಚಿಸಲಿಲ್ಲ, ಕಾಲು ಎದ್ದಿತು.

"ಆ ಸಾಲನ್ನು ಟೀಚರ್ ಬರೆದದ್ದು ಹೌದು. ತಪ್ಪು ಅಂತ ಅಳಿಸಿದ್ದೂ ಅವರೇ. ಎರಡನ್ನೂ ಹೇಳಿ."

"ನುಡಿನಮನದಲ್ಲಿ ಗಲಾಟೆ ಬೇಡ ಮಾರಾಯ್ರೆ, ಕೂತ್ಕೊಳ್ಳಿ" ಎಂದರು ಅಧ್ಯಕ್ಷರು.

"ಬದುಕಿದ್ದಾಗ ಅವರನ್ನು ಈ ಮೇಜಿನಿಂದ ಎಬ್ಬಿಸಿದ್ರಿ. ಈಗ ಸತ್ತವರ ಬಾಯಿಗೆ ಮಾತು ತುರುಕುದು ಬೇಡ. ನಾನು ಕೂರುದಿಲ್ಲ."

ಹಿಂದಿನಿಂದ ಯಾರೋ, "ನಿಮಗೆಂತಕ್ಕೆ ಇದೆಲ್ಲ ಸಾಯ್ಬ್ರೆ?" ಎಂದರು. ಆ ಮಾತಿನ ಹಿಂದಿನ ಮಾತು ನನಗೆ ತಿಳಿಯುವುದಿಲ್ಲವೇ? "ನಾನೂ ಇಲ್ಲಿಯ ಸದಸ್ಯ. ಇದು ನನ್ನ ಗ್ರಂಥಾಲಯ ಕೂಡ" ಎಂದೆ. ನರ್ಸ್ ಹುಡುಗಿ ಎದ್ದು ನನ್ನ ಪಕ್ಕ ಬಂದು ನಿಂತಳು. ಬ್ಯಾಂಕಿನವನೂ ಎದ್ದ. ಒಂದೂ ಒಳ್ಳೆಯ ಮಾತು ಕೇಳದೆ ಅವರಿಗಾಗಿ ದುಡಿದವನು, ಅವನು ಅಳುತ್ತಿದ್ದ.

ಆಗ ಮುಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಅಜ್ಜಿ ಕೋಲೂರಿ ಏಳುತ್ತಿದ್ದರು. ಅಧ್ಯಕ್ಷರು ಓಡಿ ಬಂದು, "ಅತ್ತೆ, ನೀವು ಸುಮ್ಮನಿರಿ" ಎಂದು ತೋಳು ಹಿಡಿದರು.

"ಬಿಡು. ಆ ಟೀಚರ್ ಸಾಕ್ಷಿ ಹೇಳಿ ಅಂತ ನನ್ನನ್ನು ಒಂದು ಮಾತೂ ಕೇಳ್ಲಿಲ್ಲ, ನನ್ನ ಹೆಸರೂ ಎಲ್ಲಿಯೂ ಹೇಳ್ಲಿಲ್ಲ. ನೀವೆಲ್ಲ ಅವಳಿಗೆ ಹೀಗೆ ಮಾಡುದು ಸರಿಯಲ್ಲ" ಎಂದ ಅಜ್ಜಿ ಸಭೆಯ ಕಡೆ ತಿರುಗಿದರು. "ಅಪ್ಪ ಗ್ರಂಥಾಲಯ ಮಾಡಿದ್ದಲ್ಲ. ಇದು ನಮ್ಮ ಅಡಿಕೆ ಅಂಗಡಿಯ ಮಹಡಿ. ಅಪ್ಪ ಪುಸ್ತಕ ಓದಿದ್ದು ನಾನು ಒಂದು ದಿನವೂ ನೋಡ್ಲಿಲ್ಲ. ಪೇಪರಿನಲ್ಲಿ ಅಡಿಕೆಯ ರೇಟು ಒಂದು ಓದ್ತಿದ್ರು. ಒಳ್ಳೆ ಮನುಷ್ಯ. ಅಷ್ಟು ಸಾಕು ಅವರಿಗೆ."

ಯಾರೋ ನಕ್ಕರು. ವರದಿಗಾರರು ಅಷ್ಟು ಹೊತ್ತಿಗೆ ಎದ್ದು ಮುಂದೆ ಬಂದು ಅಜ್ಜಿಯ ಮುಂದೆ ಫೋನ್ ಹಿಡಿದಿದ್ದರು.

ಮರುದಿನ ಅದು ಸುದ್ದಿಯಾಯಿತು. ಫೋಟೋದ ಹಿರಿಯರ ಮಗಳು ಸಭೆಯಲ್ಲಿ ಹೇಳಿದ ಮಾತು ಅವರ ಹೆಸರಿನೊಂದಿಗೆ ಅಚ್ಚಾಗಿತ್ತು. ಹಳೆಯ ಸಾಲನ್ನು ಟೀಚರೇ ತಪ್ಪೆಂದು ಹಿಂತೆಗೆದುಕೊಂಡಿದ್ದರು, ಸ್ಮರಣ ಸಂಚಿಕೆ ಅವರ ಸಾಲಿನ ನಂತರ ಬಂದದ್ದು ಎಂಬುದನ್ನೂ ವರದಿಗಾರರು ವಿಶ್ವಕೋಶದ ತಾರೀಕುಗಳನ್ನು ತಾವೇ ನೋಡಿ ಬರೆದಿದ್ದರು. ಜಗಳದಲ್ಲಿ ಸೇರಿದವರು ತಾವೇ ತಿದ್ದುವುದು ಸರಿಯಲ್ಲ, ಸುದ್ದಿಯಲ್ಲಿ ನನ್ನ ಹೆಸರೂ ಬಂದದ್ದರಿಂದ ವಿಶ್ವಕೋಶದ ಆ ಪುಟವನ್ನು ನಾನು ಮುಟ್ಟುವಂತಿರಲಿಲ್ಲ, ನರ್ಸ್ ಹುಡುಗಿಯೂ ಅಲ್ಲಿ ನಿಂತವಳೇ. ಚರ್ಚೆಯ ಪುಟದಲ್ಲಿ ಅವಳು ಪತ್ರಿಕೆಯ ಹೆಸರು, ತಾರೀಕು, ಪುಟ ಇಷ್ಟನ್ನೇ ಹಾಕಿ ಬಿಟ್ಟಳು. ದೂರದೂರಿನ ಸ್ವಯಂಸೇವಕರು ಓದಿದರು. ಅಷ್ಟು ವರ್ಷ ಕಾವಲು ಕಾದ ಸಾಲನ್ನು ತಮ್ಮ ಕೈಯಾರೆ ತೆಗೆದರು. ಟೀಚರಿಗೆ ಒಂದು ಕ್ಷಮೆ ಕೇಳಿ ಬರೆದರು, ಅವರು ತೀರಿಹೋದದ್ದು ಪಾಪ ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಹುಡುಗಿ ಅಂಗಡಿಯ ಬೆಂಚಿನ ಮೇಲೆ ಕೂತು ಅವರಿಗೆ ಉತ್ತರ ಬರೆಯುವಾಗ ನಾನು ಹೊರಗೆ ಹೋಗಿ ನಿಂತೆ. ಅಳುವುದನ್ನು ಗಿರಾಕಿಗಳು ನೋಡುವುದು ಬೇಡ ಎಂದು.

ವಾರ ಕಳೆದು ಅಧ್ಯಕ್ಷರು ಅಂಗಡಿಗೆ ಬಂದರು. ಕನ್ನಡಕ ಮಾಡಿಸುವ ನೆಪ ಕೂಡ ಹೇಳಲಿಲ್ಲ. ಫೋನ್ ತೆಗೆದು ವಿಶ್ವಕೋಶದ ಆ ಪುಟವನ್ನು ನನ್ನ ಮುಖದ ಎದುರು ಹಿಡಿದರು.

"ನೋಡಿ, ಅಜ್ಜನ ಹೆಸರಿದ್ದ ಜಾಗದಲ್ಲಿ ಈಗ ಎಂತ ಉಂಟು ಅಂತ. 'ಸ್ಥಾಪಕರು ಯಾರೆಂದು ತಿಳಿದುಬಂದಿಲ್ಲ.' ಇಷ್ಟೆಲ್ಲ ಮಾಡಿ ನಿಮ್ಮ ಟೀಚರಿಗೆ ಸಿಕ್ಕಿದ್ದು ಎಂತ?"

ನಾನು ಅವರ ಕೈಯಿಂದ ಫೋನ್ ತೆಗೆದುಕೊಂಡು, ಕನ್ನಡಕ ಏರಿಸಿ, ಆ ಸಾಲನ್ನು ಅವರಿಗೆ ಕೇಳುವ ಹಾಗೆ ಇನ್ನೊಮ್ಮೆ ಓದಿದೆ.

"ಅದೇ ಸಿಕ್ಕಿದ್ದು" ಎಂದೆ.